ಕಾಗದ ಕೇಳುವವರು ಕಾಗದ ಕೊಟ್ಟಿದ್ದರೇ?



ಹಾಸ್ಟೆಲಿನಲ್ಲಿ ಪಾಸ್‌ಪೋರ್ಟಿನ ಮಾತೆತ್ತಿದರೆ ಹುಡುಗರು ನಗುತ್ತಾರೆ. ಬೆಳಗಿನ ಉಪ್ಪಿಟ್ಟಿಗೆ ಎಣ್ಣೆ ಇಲ್ಲ, ಸ್ಕಾಲರ್‌ಶಿಪ್ಪು ಬಂದು ಯಾವ ಕಾಲವಾಯ್ತೋ, ಕಕ್ಕಸಿನ ಬಾಗಿಲಿಗೆ ಚಿಲಕ ಇಲ್ಲ, ಇದರ ನಡುವೆ ಪಾಸ್‌ಪೋರ್ಟಂತೆ! ಅದು ವಿಮಾನ ಹತ್ತುವವರ ಕಾಗದ, ಸಾಹೇಬರ ಮಕ್ಕಳ ಕಾಗದ, ನಮಗ್ಯಾಕೆ ಅಂತ ಕೇಳುತ್ತಾರೆ. ಈ ಸಲದ ಸಂಪಾದಕೀಯ ಆ ಪ್ರಶ್ನೆಗೇ ಮೀಸಲು.

ನಾವು ಹೇಳುವುದು ಇಷ್ಟೆ. ದೇಶದ ಗಡಿಯಲ್ಲಿ ಕೇಳುವ ಕಾಗದ ನಮ್ಮ ಕೇರಿಯಲ್ಲೇ ಶುರುವಾಗುತ್ತದೆ. ಹುಟ್ಟಿದ ದಿನ ಯಾರೂ ಬರೆದಿಡದ ಕಡೆ, ಗುಡಿಸಲಿಗೆ ನಂಬರು ಇಲ್ಲದ ಕಡೆ, ಹತ್ತನೇ ಕ್ಲಾಸು ಮುಗಿಯುವ ಮುಂಚೆ ಹುಡುಗನನ್ನು ದನ ಕಾಯಲು ಬಿಟ್ಟ ಕಡೆ ಅದು ಶುರುವಾಗುತ್ತದೆ. ತಲೆತಲಾಂತರ ನಮ್ಮ ಕೈಗೆ ಒಂದು ಚೂರು ಕಾಗದ ಕೊಡದ ವ್ಯವಸ್ಥೆಯೇ ಈಗ ಕೌಂಟರಿನ ಆಚೆ ಕೂತು ಕಾಗದ ಎಲ್ಲಿ ಅಂತ ಕೇಳುತ್ತದೆ. ಇದನ್ನು ಹಣೆಬರಹ ಅಂತ ಒಪ್ಪಿಕೊಳ್ಳಬೇಕಾ? ಇಲ್ಲ. ಇದು ಹಣೆಬರಹವಲ್ಲ, ಫಾರಂ ಬರಹ. ಮನುಷ್ಯರು ಬರೆದದ್ದು. ಮನುಷ್ಯರೇ ತಿದ್ದಬಹುದು. ಆದರೆ ತಿದ್ದುವವರು ಮೊದಲು ಓದಬೇಕು.

ನಮ್ಮ ಜನ ಸಮುದ್ರ ದಾಟಿದ್ದು ಇಂದು ನಿನ್ನೆಯದಲ್ಲ. 1834ರಿಂದ ಬ್ರಿಟಿಷರು ಹಿಂದೂಸ್ತಾನದ ಬಡವರನ್ನು ಕಬ್ಬಿನ ತೋಟಗಳಿಗೆ ಹಡಗಿನಲ್ಲಿ ತುಂಬಿ ಕಳಿಸಿದರು. ಮೊದಲು ಮಾರಿಷಸ್, ಆಮೇಲೆ ಗಯಾನಾ, ಟ್ರಿನಿಡಾಡ್, ನಟಾಲ್, ಫಿಜಿ. 1860ರಲ್ಲಿ ಮದರಾಸಿನಿಂದ ಹೊರಟ 'ಟ್ರೂರೊ' ಎಂಬ ಹಡಗು ನವೆಂಬರ್ 16ರಂದು ಡರ್ಬನ್ ಮುಟ್ಟಿತು. ಹೋದವರಲ್ಲಿ ಎಲ್ಲ ಜಾತಿಯ ಬಡವರೂ ಇದ್ದರು, ನಮ್ಮವರೂ ಇದ್ದರು. ಇವರನ್ನು ಗಿರ್ಮಿಟಿಯಾ ಅಂತ ಕರೆದರು. ಹುಬ್ಬಳ್ಳಿ ಕಡೆ ತಿನ್ನುವ ಮಂಡಕ್ಕಿ ಗಿರ್ಮಿಟ್ಟಲ್ಲ ಇದು. ಅಗ್ರಿಮೆಂಟ್ ಎಂಬ ಮಾತು ಕೂಲಿಗಳ ಬಾಯಲ್ಲಿ ಗಿರ್ಮಿಟ್ ಆಯಿತು. ಐದು ವರ್ಷದ ಕರಾರು, ಕೆಳಗೆ ಹೆಬ್ಬೆಟ್ಟು.

ಆ ಕೂಲಿಯ ಕೈಗೂ ಒಂದು ಫಾರಂ ಬಂತು. ಫಿಜಿಗೆ ಹೋದ 60 ಸಾವಿರ ಜನರ ವಲಸೆ ಪಾಸುಗಳನ್ನು ಬರೆದಿಟ್ಟಿದ್ದಾರೆ. ಹೆಸರು, ತಂದೆಯ ಹೆಸರು, ವಯಸ್ಸು, ಜಿಲ್ಲೆ, ಠಾಣೆ, ಹಳ್ಳಿ, ಎತ್ತರ, ಮೈಮೇಲಿನ ಗುರುತು. ಇವುಗಳ ಜೊತೆಗೆ ಜಾತಿ! ಹಡಗು ಹತ್ತುವ ಮುಂಚೆ ಜಾತಿ ಬರೆಸಿಯೇ ಹತ್ತಬೇಕು. ಪಾಸಿಗೆ ರುಜು ಹಾಕುವ ಅಧಿಕಾರಿಯ ಹುದ್ದೆಗೆ 'ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್' ಅಂತ ಹೆಸರು. ಅಂದರೆ ವಲಸೆ ಹೋಗುವವರನ್ನು ಕಾಯುವವನು. ಈ ಕೂಲಿ ಸಾಗಣೆ 1917ರಲ್ಲಿ ನಿಂತಿತು. ಆದರೆ ಆ ಹುದ್ದೆಯ ಹೆಸರು 1983ರ ವಲಸೆ ಕಾಯ್ದೆಯಲ್ಲಿ ಹಾಗೇ ಉಳಿದಿದೆ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ನಮ್ಮವರು ಸಮುದ್ರ ದಾಟಿದ ಇನ್ನೊಂದು ದಾರಿಯೂ ಇದೆ. 1913ರಲ್ಲಿ ಬಾಬಾಸಾಹೇಬರು ನ್ಯೂಯಾರ್ಕಿಗೆ ಹೋದರು. ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ಪು ತಿಂಗಳಿಗೆ ಹನ್ನೊಂದೂವರೆ ಪೌಂಡು. ಅವರೂ ಒಂದು ಕರಾರಿಗೆ ರುಜು ಹಾಕಿದ್ದರು, ಮರಳಿ ಬಂದು ಹತ್ತು ವರ್ಷ ಬರೋಡಾ ಸಂಸ್ಥಾನದ ಚಾಕರಿ ಮಾಡುವುದಾಗಿ. ಗಿರ್ಮಿಟಿಯಾ ಹಾಕಿದ್ದು ಹೆಬ್ಬೆಟ್ಟು, ಬಾಬಾಸಾಹೇಬರು ಹಾಕಿದ್ದು ರುಜು. ಗಿರ್ಮಿಟಿಯಾಗೆ ತಾನು ಒಪ್ಪಿದ್ದು ಏನಂತ ಇನ್ನೊಬ್ಬರು ಓದಿ ಹೇಳಬೇಕಿತ್ತು. ಬಾಬಾಸಾಹೇಬರು ತಾವೇ ಓದಿಕೊಂಡರು. ಈ ಎರಡು ದಾರಿಗಳ ನಡುವಿನ ಅಂತರ ಇಷ್ಟೇ, ಗೆಳೆಯರೇ. ಇವತ್ತು ಹಾಸ್ಟೆಲಿನಲ್ಲಿ ಕೂತು ಓದುವ ನೀವು ಆ ಎರಡನೇ ದಾರಿಯವರು. ನಿಮ್ಮ ಜೊತೆ ಮೂರನೇ ಕ್ಲಾಸಿನಲ್ಲಿ ಕೂತು ಏಳನೇ ಕ್ಲಾಸಿಗೆ ಬಿಟ್ಟುಹೋದ ಗೆಳೆಯ ಮೊದಲನೇ ದಾರಿಯಲ್ಲಿ ನಿಂತಿದ್ದಾನೆ.

ಸ್ವಾತಂತ್ರ್ಯ ಬಂದ ಮೇಲೆ ಏನಾಯಿತು? 1947ರಿಂದ 1967ರವರೆಗೆ ಪ್ರಜೆಗಳಿಗೆ ಪಾಸ್‌ಪೋರ್ಟು ಕೊಡುವುದಕ್ಕೆ ಒಂದು ಕಾಯ್ದೆಯೇ ಇರಲಿಲ್ಲ. ಸರ್ಕಾರದ ಮರ್ಜಿ. ಕೊಟ್ಟರೆ ಕೊಟ್ಟ, ಇಲ್ಲದಿದ್ದರೆ ಇಲ್ಲ. ಆ ಇಪ್ಪತ್ತು ವರ್ಷಗಳ ದಫ್ತರುಗಳನ್ನು ಕಾಲಾತ್ಮಿಕಾ ನಟರಾಜನ್ ಎಂಬ ಇತಿಹಾಸಕಾರ್ತಿ ಓದಿದ್ದಾರೆ. ಹೊರದೇಶದಲ್ಲಿ ಭಾರತದ ಮಾನ ಕಾಯಬೇಕು ಎಂಬ ನೆಪದಲ್ಲಿ ಬಡವರಿಗೆ, ಓದು ಬರದವರಿಗೆ, ಕೆಳಜಾತಿಯವರಿಗೆ ಪಾಸ್‌ಪೋರ್ಟು ತಪ್ಪಿಸಿದ ಬಗೆಯನ್ನು ಅವರು ತೋರಿಸಿದ್ದಾರೆ. ಊರಿನೊಳಗೆ ಬಿಡದವರು ಊರಾಚೆಗೂ ಬಿಡಲಿಲ್ಲ ಅಂದಹಾಗಾಯ್ತು.

1967ರ ಏಪ್ರಿಲಿನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೊರದೇಶಕ್ಕೆ ಹೋಗುವುದು ಮನುಷ್ಯನ ಸ್ವಾತಂತ್ರ್ಯಕ್ಕೆ ಸೇರಿದ್ದು, ಕಾನೂನಿಲ್ಲದೆ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂದಿತು. ಐವರಲ್ಲಿ ಮೂವರು ನ್ಯಾಯಮೂರ್ತಿಗಳ ಬಹುಮತ. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರ್ಕಾರ ಜಪ್ತಿ ಮಾಡಿ ಕಾರಣ ಹೇಳಲು ಒಲ್ಲೆ ಎಂದಿತು. 1978ರ ಜನವರಿ 25ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕಾನೂನು ಇದ್ದರಷ್ಟೇ ಸಾಲದು, ಅದರ ವಿಧಾನ ನ್ಯಾಯವಾಗಿರಬೇಕು, ಮನಸ್ಸಿಗೆ ಬಂದಹಾಗೆ ಇರಬಾರದು ಎಂದು ಹೇಳಿತು. ದೊಡ್ಡವರ ಮನೆಯ ಮೊಕದ್ದಮೆ, ನಿಜ. ಆದರೆ ತೀರ್ಪು ಎಲ್ಲರಿಗೂ ಸೇರಿದ್ದು. ನಮ್ಮ ಹುಡುಗನಿಗೆ ಪಾಸ್‌ಪೋರ್ಟು ಇಲ್ಲ ಅಂದಾಗಲೂ ಅದೇ ತೀರ್ಪನ್ನು ಮುಂದಿಡಬಹುದು.

ಇಷ್ಟೆಲ್ಲ ಆದ ಮೇಲೂ ಒಂದು ಗೆರೆ ಉಳಿಯಿತು. 1983ರ ವಲಸೆ ಕಾಯ್ದೆ ಎಳೆದ ಗೆರೆ. ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟಿಗೆ 'ಇ.ಸಿ.ಆರ್.' ಅಂತ ಗುರುತು ಬೀಳುತ್ತದೆ. ವಲಸೆ ತಪಾಸಣೆ ಬೇಕಾದವನು ಎಂದು ಅದರ ಅರ್ಥ. ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್, ಬಹರೈನ್, ಯು.ಎ.ಇ., ಮಲೇಷ್ಯಾ ಸೇರಿ 18 ದೇಶಗಳ ಪಟ್ಟಿ ಇದೆ. ಇವನು ಕೆಲಸಕ್ಕೆಂದು ಆ ದೇಶಗಳಿಗೆ ಹೋಗಬೇಕಾದರೆ ಅದೇ ಹಳೇ ಹೆಸರಿನ ಅಧಿಕಾರಿ, ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್, ಒಪ್ಪಿಗೆ ಕೊಡಬೇಕು. ಹತ್ತು ಪಾಸಾದವನಿಗೆ ಇದು ಬೇಡ. ಆದಾಯ ತೆರಿಗೆ ಕಟ್ಟುವವನಿಗೂ ಬೇಡ.

ಹಿಂದಿನ ಪಾಸಿನಲ್ಲಿ ಜಾತಿ ಅಂತ ಒಂದು ಅಂಕಣವಿತ್ತು. ಇಂದಿನದರಲ್ಲಿ ಇಲ್ಲ. ಆದರೆ ಹತ್ತನೇ ಕ್ಲಾಸಿನ ಗೆರೆಯ ಕೆಳಗೆ ಉಳಿದವರು ಯಾರ ಮಕ್ಕಳು? ಜೀತಕ್ಕಿದ್ದವರ ಮಕ್ಕಳು, ಇಟ್ಟಿಗೆ ಗೂಡಿಗೆ ಗುಳೆ ಹೋದವರ ಮಕ್ಕಳು, ಸ್ಕೂಲಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರಿಸಿಕೊಂಡವರು. ಜಾತಿ ಅಂತ ಬರೆಯದೆ ಜಾತಿಯನ್ನು ಬರೆಯುವುದು ಅಂದರೆ ಇದೇ.

ಇದು ಅವರ ರಕ್ಷಣೆಗೇ ಅಂತ ಸರ್ಕಾರ ಹೇಳುತ್ತದೆ. ಮಾತನ್ನು ತಳ್ಳಿಹಾಕಬೇಡಿ, ಪರೀಕ್ಷೆ ಮಾಡಿ. ಒಪ್ಪಿಗೆ ಪಡೆದು ಹೋದವನಿಗೆ ಕೆಲಸದ ಕರಾರು ದಾಖಲಾಗುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ 10 ಲಕ್ಷದ ವಿಮೆ ಇದೆ. ಇದು ಬೇಕಾದದ್ದೇ. ಆದರೆ ದಲ್ಲಾಳಿ ಏನು ಮಾಡುತ್ತಾನೆ? ಒಪ್ಪಿಗೆ ತಡವಾಗುತ್ತೆ ಕಣಪ್ಪ, ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಸರಿಮಾಡ್ತೀವಿ ಅಂತಾನೆ. ನೋಡಿಬರಲು ಹೋಗುವವನಿಗೆ ಒಪ್ಪಿಗೆ ಬೇಕಿಲ್ಲ, ಕಾಯ್ದೆಯ ಆ ಕಿಂಡಿಯಲ್ಲಿ ತೂರಿಸಿಬಿಡುತ್ತಾನೆ. ಹಾಗೆ ಹೋದವನಿಗೆ ಕರಾರೂ ಇಲ್ಲ, ವಿಮೆಯೂ ಇಲ್ಲ. ಮರಳುಗಾಡಿನಲ್ಲಿ ಮೈಗೆ ಹುಷಾರಿಲ್ಲದೆ ಬಿದ್ದರೆ ಇಲ್ಲಿನ ಯಾವ ದಫ್ತರಿನಲ್ಲೂ ಅವನ ಹೆಸರಿಲ್ಲ. ರಕ್ಷಣೆಯ ಸೀಲು ರಕ್ಷಣೆಯಿಂದಲೇ ಅವನನ್ನು ಹೊರಗೆ ತಳ್ಳಿತು.

ನಮ್ಮ ಹೆಣ್ಣುಮಕ್ಕಳಿಗೆ ಗೆರೆಯ ಮೇಲೆ ಇನ್ನೊಂದು ಗೆರೆ. ಇ.ಸಿ.ಆರ್. ಪಾಸ್‌ಪೋರ್ಟಿನ ಹೆಣ್ಣು ಆ 18 ದೇಶಗಳಿಗೆ ಮನೆಗೆಲಸಕ್ಕೆ ಹೋಗಬೇಕಾದರೆ 30 ವರ್ಷ ತುಂಬಿರಬೇಕು. ಕಾಪಾಡುವುದು ಅಂದರೆ ಬಾಗಿಲು ಹಾಕುವುದು ಎಂದು ತಿಳಿದವರ ನಿಯಮ ಇದು. ಬಾಗಿಲು ಹಾಕಿದರೆ ಹಸಿವು ನಿಲ್ಲುತ್ತದೆಯೇ? ಕಳ್ಳದಾರಿ ಹುಡುಕುತ್ತದೆ, ಅಷ್ಟೆ.

2018ರ ಜನವರಿಯಲ್ಲಿ ಇನ್ನೊಂದು ನಡೆಯಿತು. ಇ.ಸಿ.ಆರ್. ಜನಕ್ಕೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟು ಕೊಡುತ್ತೇವೆ ಎಂದು ವಿದೇಶಾಂಗ ಇಲಾಖೆ ಸಾರಿತು. ಉಳಿದವರಿಗೆ ನೀಲಿ, ಇವರಿಗೆ ಕಿತ್ತಳೆ. ವಿಮಾನ ನಿಲ್ದಾಣದ ಸಾಲಿನಲ್ಲಿ ದೂರದಿಂದಲೇ ಗೊತ್ತಾಗಬೇಕು, ಇವನು ಓದದವನು, ಕೂಲಿಯವನು ಅಂತ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟವರ ಬುದ್ಧಿಗೂ ಇದಕ್ಕೂ ಏನು ವ್ಯತ್ಯಾಸ? ಕೇರಳದಲ್ಲಿ ಗದ್ದಲವೆದ್ದಿತು, ಕೋರ್ಟಿಗೆ ಹೋದರು. ಅದೇ ತಿಂಗಳ ಕೊನೆಯಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಮೂರು ವಾರದೊಳಗೆ! ಕೂಗಿದರೆ ಫಾರಂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈಗ ಅರ್ಜಿಯ ಅಂಕಣಗಳಿಗೆ ಬರೋಣ. ಒಂದೊಂದು ಅಂಕಣದ ಹಿಂದೆ ಒಂದೊಂದು ಕತೆ ಇದೆ.

ಹುಟ್ಟಿದ ದಿನ. ನಮ್ಮ ಎಷ್ಟು ಜನರ ಮಾರ್ಕ್ಸ್ ಕಾರ್ಡಿನಲ್ಲಿ ಜೂನ್ 1 ಇದೆ, ಎಣಿಸಿ ನೋಡಿ. ಅವ್ವಂದಿರೆಲ್ಲ ಸೇರಿ ಅದೇ ದಿನ ಹೆತ್ತರೇನು? ಸ್ಕೂಲಿಗೆ ಸೇರಿಸುವಾಗ ಹೆಡ್‌ಮಾಸ್ತರು ಕೈ ತಲೆಮೇಲಿಂದ ಹಾಯಿಸಿ ಕಿವಿ ಮುಟ್ಟಿಸಿ ನೋಡಿ ಬರೆದ ತಾರೀಖು ಅದು. 'ಹೊಳೆ ಬಂದ ವರ್ಷ ಹುಟ್ಟಿದ್ದು' ಎಂಬ ಅವ್ವನ ಲೆಕ್ಕಕ್ಕೆ ದಫ್ತರಿನಲ್ಲಿ ಜಾಗವಿಲ್ಲ. ಹಿಂದೆ ಪಾಸ್‌ಪೋರ್ಟಿನವರು 1989ರ ಜನವರಿ 26ರಿಂದ ಈಚೆಗೆ ಹುಟ್ಟಿದವರೆಲ್ಲ ಜನನ ಪ್ರಮಾಣಪತ್ರವನ್ನೇ ತರಬೇಕು ಎನ್ನುತ್ತಿದ್ದರು. 2016ರ ಡಿಸೆಂಬರಿನಲ್ಲಿ ಅದು ಸಡಿಲವಾಯಿತು. ಮಾರ್ಕ್ಸ್ ಕಾರ್ಡು, ಟಿ.ಸಿ., ಆಧಾರ್, ವೋಟರ್ ಕಾರ್ಡು ಇವುಗಳಲ್ಲಿ ಯಾವುದಾದರೂ ಸಾಕು ಎಂದರು. ಆದರೆ ಬಾಗಿಲು ಮತ್ತೆ ಮುಚ್ಚುತ್ತಿದೆ, ನೋಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರ ಒಂದೇ ದಾಖಲೆ. 2025ರಲ್ಲಿ ಪಾಸ್‌ಪೋರ್ಟ್ ನಿಯಮವನ್ನೂ ಇದಕ್ಕೆ ತಕ್ಕ ಹಾಗೆ ತಿದ್ದಿದ್ದಾರೆ. ಇವತ್ತು ಕೇರಿಯಲ್ಲಿ ತೊಟ್ಟಿಲಲ್ಲಿರುವ ಕೂಸಿಗೆ ಕಾಗದ ಮಾಡಿಸದಿದ್ದರೆ ಹದಿನೆಂಟು ವರ್ಷದ ಮೇಲೆ ಅದರ ದಾರಿ ಕಟ್ಟಾದೀತು.

ಹೆಸರು. ನಮ್ಮಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವುದು ಕಡಿಮೆ. ಇಟ್ಟುಕೊಂಡರೆ ಜಾತಿ ಗೊತ್ತಾಗುತ್ತದೆ ಅಂತ ಬಿಟ್ಟವರೂ ಇದ್ದಾರೆ. ಒಂದು ಹೆಸರು, ಹಿಂದೆ ಮುಂದೆ ಒಂದು ಇನಿಷಿಯಲ್ಲು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. 2022ರ ನವೆಂಬರಿನಲ್ಲಿ ಯು.ಎ.ಇ. ದೇಶ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರನ್ನು ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಎಂದಿತು. ಹಿಂದಿನ ಪುಟದಲ್ಲಿ ತಂದೆಯ ಹೆಸರಿದ್ದರೆ ಆದೀತು ಅಂತ ಆಮೇಲೆ ಹೇಳಿತು. ಜಾತಿಯ ಬಾಲ ಕತ್ತರಿಸಿಕೊಂಡವನು ಗಡಿಯಲ್ಲಿ ಬಾಲ ಎಲ್ಲಿ ಅಂತ ಕೇಳಿಸಿಕೊಳ್ಳಬೇಕಾಯಿತು.

ತಂದೆಯ ಹೆಸರು. ಈ ಅಂಕಣದ ಮುಂದೆ ಉತ್ತರ ಕರ್ನಾಟಕದ ನಮ್ಮ ಅಕ್ಕತಂಗಿಯರ ಮಕ್ಕಳು, ದೇವದಾಸಿ ತಾಯಂದಿರ ಮಕ್ಕಳು, ತಲೆ ತಗ್ಗಿಸಿ ನಿಂತಿದ್ದಾರೆ. ಅವರ ಕಿವಿಗೆ ಈ ಮಾತು ಬೀಳಿಸಿ: 2016ರ ಡಿಸೆಂಬರಿನ ನಿಯಮದಂತೆ ಪಾಸ್‌ಪೋರ್ಟ್ ಅರ್ಜಿಗೆ ತಂದೆ ಅಥವಾ ತಾಯಿ, ಒಬ್ಬರ ಹೆಸರು ಸಾಕು. ತಾಯಿಯ ಹೆಸರು ಬರೆದು ತಲೆ ಎತ್ತಿ ನಿಲ್ಲಬಹುದು.

ಪೊಲೀಸ್ ತನಿಖೆ. ಅರ್ಜಿಯಲ್ಲಿ ನಿಮ್ಮನ್ನು ಬಲ್ಲ ಇಬ್ಬರ ಹೆಸರು ಕೇಳುತ್ತಾರೆ. ಊರಗೌಡರೇ ಆಗಬೇಕು ಅಂತ ಯಾವ ಕಾನೂನಿನಲ್ಲೂ ಇಲ್ಲ. ಕೇರಿಯ ನೆರೆಯವರು ಸಾಕು. ಸಾಮಾನ್ಯ ಪಾಸ್‌ಪೋರ್ಟಿಗೆ, 36 ಪುಟದ್ದು, ದೊಡ್ಡವರಿಗೆ ಶುಲ್ಕ 1500 ರೂಪಾಯಿ. ಪೊಲೀಸ್ ತನಿಖೆಗೆ ಬೇರೆ ಶುಲ್ಕವಿಲ್ಲ. ಟೀ ಖರ್ಚು, ಪೆಟ್ರೋಲ್ ಖರ್ಚು ಎಂಬ ಅಂಕಣ ಆ ಫಾರಂನಲ್ಲಿ ಎಲ್ಲೂ ಇಲ್ಲ.

ಈ ತನಿಖೆಯ ಮಾತು ಬಂದಾಗ ನಮ್ಮ ಹುಡುಗರಿಗೆ ಇನ್ನೊಂದು ಹೆದರಿಕೆ. ಮೆರವಣಿಗೆಗೆ ಹೋದರೆ, ಧರಣಿ ಕೂತರೆ ಎಫ್.ಐ.ಆರ್. ಆಗುತ್ತೆ, ಆಮೇಲೆ ಪಾಸ್‌ಪೋರ್ಟೂ ಇಲ್ಲ, ನೌಕರಿಯೂ ಇಲ್ಲ ಅಂತ ಹೆದರಿಸುವವರಿದ್ದಾರೆ. ಕಾನೂನು ಏನು ಹೇಳುತ್ತದೆ ತಿಳಿದುಕೊಳ್ಳಿ. ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಮಿನಲ್ಲಿ ಕೋರ್ಟಿನ ಮುಂದೆ ಕ್ರಿಮಿನಲ್ ಮೊಕದ್ದಮೆ ನಡೆಯುತ್ತಿದ್ದರೆ ನಿರಾಕರಿಸಬಹುದು ಅಂತ ಇದೆ. ಬರೀ ಎಫ್.ಐ.ಆರ್. ಆಗಿದ್ದರೆ, ತನಿಖೆ ನಡೆಯುತ್ತಿದ್ದರೆ, ಅದು ಆ ಮಾತಿನೊಳಗೆ ಬರುವುದಿಲ್ಲವೆಂದು ವಿದೇಶಾಂಗ ಇಲಾಖೆಯೇ 2019ರ ಅಕ್ಟೋಬರಿನಲ್ಲಿ ಬರೆದು ತಿಳಿಸಿದೆ. ಮೊಕದ್ದಮೆ ನಡೆಯುತ್ತಿದ್ದರೂ ಕೋರ್ಟಿನ ಅನುಮತಿ ತಂದರೆ ಕೊಡಬಹುದೆಂದು 1993ರ ಅಧಿಸೂಚನೆ ಇದೆ. ನಿರಾಕರಿಸಿದರೆ ಕಾರಣ ಬರೆದಿಡಬೇಕು, ಕೇಳಿದಾಗ ನಕಲು ಕೊಡಬೇಕು, ಮೇಲ್ಮನವಿಗೆ ಅವಕಾಶವಿದೆ. ದೇಶದ ಭದ್ರತೆ, ಸಾರ್ವಜನಿಕ ಹಿತ ಎಂಬಂಥ ಕಾರಣವಿದ್ದರೆ ನಕಲು ಕೊಡದೆ ಇರಬಹುದು. ಆ ಒಂದು ಮಾತಿನ ಮೇಲೆ ಕಣ್ಣಿಡಬೇಕು. ಆದರೆ ಅರ್ಜಿಯಲ್ಲಿ ಕೇಸು ಮುಚ್ಚಿಡಬೇಡಿ. ಸುಳ್ಳು ಬರೆದರೆ 12ನೇ ಕಲಮಿನಲ್ಲಿ ಶಿಕ್ಷೆ ಇದೆ. ಹೋರಾಟದಲ್ಲಿ ಬಿದ್ದ ಕೇಸು ನಾಚಿಕೆಯ ವಿಷಯವಲ್ಲ, ಇದ್ದದ್ದನ್ನು ಇದ್ದಹಾಗೆ ಬರೆಯಿರಿ.

ದೇಶದ ಭದ್ರತೆ ಬೇಡವೇನ್ರಯ್ಯ ಅಂತ ಕೆಲವರು ಕೇಳುತ್ತಾರೆ. ಬೇಕು. ಗಡಿಗೆ ಕಾವಲೂ ಬೇಕು. ಆದರೆ ಕಾವಲು ಯಾರ ಮೇಲೆ? ಬ್ಯಾಂಕುಗಳು 9 ಸಾವಿರ ಕೋಟಿಗೂ ಹೆಚ್ಚು ಬಾಕಿ ಎನ್ನುತ್ತಿದ್ದಾಗಲೇ ನಮ್ಮ ರಾಜ್ಯದಿಂದ ಆಯ್ಕೆಯಾದ ರಾಜ್ಯಸಭಾ ಸದಸ್ಯ ವಿಜಯ್ ಮಲ್ಯ 2016ರ ಮಾರ್ಚಿನಲ್ಲಿ ದೇಶ ಬಿಟ್ಟರು. ಕೈಯಲ್ಲಿದ್ದದ್ದು ರಾಜತಾಂತ್ರಿಕರ ಪಾಸ್‌ಪೋರ್ಟು. ಅದು ರದ್ದಾದದ್ದು ಏಪ್ರಿಲಿನಲ್ಲಿ. ಅವರನ್ನು ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಎಲ್ಲಿ ಅಂತ ಯಾರೂ ನಿಲ್ಲಿಸಲಿಲ್ಲ. ಸಿಮೆಂಟು ಕಲಸಲು ಹೋಗುವವನನ್ನು ನಿಲ್ಲಿಸುತ್ತಾರೆ.

ಇನ್ನು ನಾವು ಎಲ್ಲಿಗೂ ಹೋಗುವುದಿಲ್ಲ, ಊರಲ್ಲೇ ಇರ್ತೀವಿ ಅಂದವರಿಗೂ ಕಾಗದ ತಪ್ಪಿದ್ದಲ್ಲ. ಅಸ್ಸಾಮನ್ನು ನೋಡಿ. 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮುಂಚಿನ ದಾಖಲೆ ತೋರಿಸಿ, ಆ ಹಿರಿಯರಿಗೂ ನಿಮಗೂ ಇರುವ ಸಂಬಂಧಕ್ಕೆ ಇನ್ನೊಂದು ದಾಖಲೆ ತೋರಿಸಿ ಎಂದರು. 2019ರ ಆಗಸ್ಟ್ 31ರಂದು ಬಂದ ಪೌರರ ಪಟ್ಟಿಯಿಂದ 19,06,657 ಜನ ಹೊರಗೆ ಉಳಿದರು. ಹಿಂದೂ, ಮುಸ್ಲಿಂ, ಎಲ್ಲರೂ ಇದ್ದರು. ಮದುವೆಯಾಗಿ ಬೇರೆ ಊರಿಗೆ ಹೋದ ಓದದ ಹೆಣ್ಣಿಗೆ ತವರಿನ ನಂಟಿಗೆ ಇದ್ದದ್ದು ಪಂಚಾಯ್ತಿ ಕಾರ್ಯದರ್ಶಿ ಕೊಟ್ಟ ಚೀಟಿ ಒಂದೇ. ಅದು ನಡೆಯುವುದಿಲ್ಲವೆಂದು 2017ರಲ್ಲಿ ಗುವಾಹಟಿ ಹೈಕೋರ್ಟು ಹೇಳಿತು. ಅದೇ ವರ್ಷದ ಕೊನೆಗೆ ಸುಪ್ರೀಂ ಕೋರ್ಟು ಪರಿಶೀಲನೆ ಮಾಡಿ ಒಪ್ಪಬಹುದು ಎಂದಿತು. ನಡುವಿನ ಆ ತಿಂಗಳುಗಳಲ್ಲಿ ಲಕ್ಷಾಂತರ ಹೆಂಗಸರ ಜೀವ ಒಂದು ಚೀಟಿಯ ಮೇಲೆ ನೇತಾಡುತ್ತಿತ್ತು.

ಅಸ್ಸಾಮು ದೂರ ಅಂತೀರಾ? 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದ ಹತ್ತಿರ ಕೂಲಿಕಾರರ ಶೆಡ್ಡುಗಳನ್ನು ಬಾಂಗ್ಲಾದೇಶದವರದ್ದು ಅಂತ ಹೇಳಿ ಕೆಡವಿದರು. ಅಲ್ಲಿದ್ದವರಲ್ಲಿ ಈಶಾನ್ಯದ ರಾಜ್ಯಗಳವರಷ್ಟೇ ಅಲ್ಲ, ನಮ್ಮ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರೂ ಇದ್ದರು. ಗುರುತಿನ ಚೀಟಿ ಹಿಡಿದು ನಿಂತವರೂ ಇದ್ದರು. ಆಮೇಲೆ ಹೈಕೋರ್ಟು ತಡೆ ಕೊಟ್ಟಿತು. ಅಷ್ಟರಲ್ಲಿ ಸೂರು ನೆಲಕ್ಕೆ ಬಿದ್ದಿತ್ತು. ಬಡವನ ಕಾಗದವನ್ನು ಕೆಡವಿದ ಮೇಲೆ ಓದುತ್ತಾರೆ.

ಓದಿನ ದಾರಿಯಲ್ಲೂ ಗೆರೆ ಎಳೆಯುತ್ತಿದ್ದಾರೆ. ಪರಿಶಿಷ್ಟ ಜಾತಿಯವರಿಗೆ ಹೊರದೇಶದಲ್ಲಿ ಓದಲು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಅದರ ನಿಯಮದಲ್ಲಿ 2022ರಲ್ಲಿ ಒಂದು ಸಾಲು ಸೇರಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಬಗ್ಗೆ ಸಂಶೋಧನೆ ಮಾಡುವವರಿಗೆ ಇದು ಸಿಗುವುದಿಲ್ಲ! 1916ರ ಮೇ 9ರಂದು ಕೊಲಂಬಿಯಾದಲ್ಲಿ ಬಾಬಾಸಾಹೇಬರು ಓದಿದ ಪ್ರಬಂಧ ಯಾವುದರ ಮೇಲೆ? ಭಾರತದ ಜಾತಿಗಳ ಮೇಲೆ. ಈ ನಿಯಮದಲ್ಲಿ ಅವರು ಅರ್ಜಿ ಹಾಕಿದ್ದರೆ ಗುಮಾಸ್ತ ತಿರುಗಿಸಿ ಕೊಡುತ್ತಿದ್ದ. ಎಂಜಿನಿಯರಿಂಗು ಓದಿಕೊಂಡು ಬಾ, ಜಾತಿಯ ಮಾತು ಹೊರಗೆ ಆಡಬೇಡ ಎಂಬುದು ಆ ಸಾಲಿನ ಅರ್ಥ. ಇಂಥ ಸಾಲುಗಳನ್ನು ಓದಿ ಗುರುತು ಹಾಕುವವರು ನೀವಲ್ಲದೆ ಇನ್ನಾರು?

ಹಾಗಾದರೆ ಏನು ಮಾಡಬೇಕು? ಭಾಷಣ ಸಾಕು, ಕೆಲಸ ಹೇಳುತ್ತೇವೆ.

ಒಂದು, ಪ್ರತಿ ಹಾಸ್ಟೆಲಿನಲ್ಲೂ ಭಾನುವಾರ ಒಂದು ಮೇಜು, ಎರಡು ಕುರ್ಚಿ ಹಾಕಿ. ಅರ್ಜಿ ತುಂಬಿಕೊಡುವ ಮೇಜು. ಪಾಸ್‌ಪೋರ್ಟಿನ ಅನುಬಂಧಗಳನ್ನು ಬಿಳಿ ಹಾಳೆಯಲ್ಲಿ ಸ್ವಂತ ಘೋಷಣೆಯಾಗಿ ಬರೆದುಕೊಟ್ಟರೆ ಸಾಕು, ನೋಟರಿ ಬೇಡ ಅಂತ 2016ರಿಂದ ನಿಯಮವಿದೆ. ಇದು ಗೊತ್ತಿಲ್ಲದ್ದಕ್ಕೆ ನಮ್ಮ ಜನ ಎಷ್ಟು ದುಡ್ಡು ಕಳೆದುಕೊಂಡರೋ!

ಎರಡು, ರಜೆಗೆ ಊರಿಗೆ ಹೋದಾಗ ಕೇರಿಯ ಕೂಸುಗಳ ಪಟ್ಟಿ ಮಾಡಿ. ಹುಟ್ಟಿದ 21 ದಿನದೊಳಗೆ ಬರೆಸಬೇಕು. ತಪ್ಪಿದ್ದರೂ ತಡವಾಗಿ ಬರೆಸಬಹುದು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ, ಕಷ್ಟವಾದರೂ ಆಗುವ ಕೆಲಸ.

ಮೂರು, ಹತ್ತರಲ್ಲಿ ನಪಾಸಾದವರನ್ನು, ಅರ್ಧಕ್ಕೆ ಬಿಟ್ಟವರನ್ನು ಹುಡುಕಿ ಮತ್ತೆ ಪರೀಕ್ಷೆಗೆ ಕಟ್ಟಿಸಿ. ಪಾಸಾದ ಮೇಲೆ ಪಾಸ್‌ಪೋರ್ಟನ್ನು ಮರುವಿತರಣೆಗೆ ಹಾಕಿದರೆ ಇ.ಸಿ.ಆರ್. ಗುರುತು ಹೋಗುತ್ತದೆ.

ನಾಲ್ಕು, ಗಲ್ಫಿಗೆ ಹೊರಟವರಿಗೆ ಮೂರು ಮಾತು ಹೇಳಿ. ಏಜೆಂಟ ವಿದೇಶಾಂಗ ಇಲಾಖೆಯಲ್ಲಿ ನೋಂದಾಯಿಸಿದವನೇ ನೋಡಬೇಕು. ಅವನು ತೆಗೆದುಕೊಳ್ಳಬಹುದಾದ್ದು 30 ಸಾವಿರ ಮತ್ತು ಅದರ ಮೇಲಿನ ತೆರಿಗೆ ಮಾತ್ರ. ಮೂರನೆಯದು, ಪಾಸ್‌ಪೋರ್ಟು ಭಾರತ ಸರ್ಕಾರದ ಸ್ವತ್ತು, ಕಾಯ್ದೆಯಲ್ಲೇ ಬರೆದಿದೆ. ಏಜೆಂಟನಾಗಲಿ, ಸಾಲ ಕೊಟ್ಟವನಾಗಲಿ ಅದನ್ನು ಒತ್ತೆ ಇಟ್ಟುಕೊಳ್ಳುವ ಹಾಗಿಲ್ಲ.

ಐದು, 1983ರ ವಲಸೆ ಕಾಯ್ದೆಯನ್ನು ಬದಲಿಸಲು 2019ರಲ್ಲಿ, 2021ರಲ್ಲಿ, 2025ರಲ್ಲಿ ಕರಡುಗಳು ಹೊರಬಂದಿವೆ. ಕರಡು ಬಂದಾಗ ಜನರ ಅಭಿಪ್ರಾಯ ಕೇಳುತ್ತಾರೆ. ಅಲ್ಲಿ ಏಜೆಂಟರ ಸಂಘದವರು ಬರೆಯುತ್ತಾರೆ, ಕಂಪನಿಯವರು ಬರೆಯುತ್ತಾರೆ. ಕೇರಿಯಿಂದ ಒಂದು ಕಾಗದ ಹೋಗುವುದಿಲ್ಲ. ಹತ್ತನೇ ಕ್ಲಾಸಿನ ಗೆರೆ ತೆಗೆಯಿರಿ, ಹೋಗುವವರೆಲ್ಲರಿಗೂ ಕರಾರು ಮತ್ತು ವಿಮೆ ಕಡ್ಡಾಯ ಮಾಡಿ ಅಂತ ನಾವು ಬರೆಯಬೇಕು. ಈ ಬೇಡಿಕೆ ಹಾಸ್ಟೆಲುಗಳಿಂದ ಎದ್ದು ಬರಬೇಕು.

ಹೊರದೇಶಕ್ಕೆ ಓಡಿಹೋಗುವುದು ಹೋರಾಟವೇ, ಇಲ್ಲೇ ಇದ್ದು ಹೋರಾಡಬೇಕಲ್ಲವೇ ಎಂದು ಕೇಳುವವರಿಗೆ ನಮ್ಮ ಉತ್ತರ: ಬಾಬಾಸಾಹೇಬರು ಹೋದರು, ಬಂದರು, ಹೋರಾಡಿದರು. ಹೋಗುವುದೋ ಇರುವುದೋ ಅವರವರ ಇಷ್ಟ. ಆ ಇಷ್ಟವನ್ನು ಗುಮಾಸ್ತನೋ ದಲ್ಲಾಳಿಯೋ ತೀರ್ಮಾನ ಮಾಡಬಾರದು ಎಂಬುದಷ್ಟೇ ನಮ್ಮ ಮಾತು.

ನಮ್ಮ ಮುತ್ತಜ್ಜಂದಿರು ಬರೆದದ್ದೇನು ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿದರು. ಅದಕ್ಕೆ ಅವರು ಕಾರಣರಲ್ಲ, ಅಕ್ಷರ ಮುಚ್ಚಿಟ್ಟವರು ಕಾರಣ. ಈಗ ಅಕ್ಷರ ನಿಮ್ಮ ಕೈಯಲ್ಲಿದೆ. ಮುಂದಿನ ಸಂಚಿಕೆಯ ಹೊತ್ತಿಗೆ ಎಷ್ಟು ಹಾಸ್ಟೆಲುಗಳಲ್ಲಿ ಮೇಜು ಹಾಕಿದಿರಿ, ಎಷ್ಟು ಕೂಸುಗಳ ಹೆಸರು ಬರೆಸಿದಿರಿ, ನಮಗೆ ಕಾರ್ಡು ಬರೆಯಿರಿ. ನಮ್ಮ ಜನರಲ್ಲಿ ಯಾರ ಹೆಬ್ಬೆಟ್ಟೂ ಇನ್ನು ಓದದ ಕಾಗದದ ಮೇಲೆ ಬೀಳಬಾರದು.